ಹೆಸರಿನಿಂದ ಅಳಿದ ಊರು: ಶಾಂತಾ ರಾಮರಾವ್ ಅವರ ಕುಟುಂಬಚರಿತ್ರೆಯ ಕೆಲವು ಪ್ರಶ್ನೆಗಳು

ವಲಸೆ ಹೋದವರ ಕುಟುಂಬಚರಿತ್ರೆಯನ್ನು ಬರೆಯಹೊರಟ ಸಂಶೋಧಕರಿಗೆ ಮೊದಲು ಎದುರಾಗುವ ತೊಡಕು ಹೆಸರಿನದು. ಗಂಡಸಿನ ವಿಷಯದಲ್ಲಿ ಈ ತೊಡಕು ಬಹುಮಟ್ಟಿಗೆ ಕಾಗುಣಿತದ ಮಟ್ಟದಲ್ಲಿಯೇ ಮುಗಿಯುತ್ತದೆ. ಹೆಂಗಸಿನ ವಿಷಯದಲ್ಲಿ ಹಾಗಲ್ಲ. ಆಕೆಯ ಹೆಸರು ಮದುವೆಯಲ್ಲೊಮ್ಮೆ, ಶಾಲೆಯಲ್ಲೊಮ್ಮೆ, ದೇಶ ಬಿಟ್ಟ ಮೇಲೆ ಮತ್ತೊಮ್ಮೆ ಬದಲಾಗುತ್ತದೆ. ಒಂದೊಂದು ಬದಲಾವಣೆಯಲ್ಲಿಯೂ ಹಿಂದಿನ ಊರಿನ, ಮನೆಯ, ನುಡಿಯ ಗುರುತು ಒಂದಿಷ್ಟು ಅಳಿದುಹೋಗುತ್ತದೆ. ಕರ್ನಾಟಕದ ಕರಾವಳಿಯಿಂದ ಹೊರಟು ಹೈದರಾಬಾದು, ಮದರಾಸು, ದಿಲ್ಲಿ ಹಾಗೂ ಅಮೆರಿಕೆಗಳಲ್ಲಿ ಹರಡಿದ ಕೆಲವು ಕುಟುಂಬಗಳ ಹೆಣ್ಣುಮಕ್ಕಳ ಚರಿತ್ರೆಯನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಅಮೆರಿಕೆಯಲ್ಲಿ ನೆಲೆಸಿ ಇಂಗ್ಲಿಷಿನಲ್ಲಿ ಬರೆದ ಶಾಂತಾ ರಾಮರಾವ್ (1923–2009) ಈ ಪರಿಶೀಲನೆಯ ಕೇಂದ್ರದಲ್ಲಿದ್ದಾರೆ.

ಅಮೆರಿಕೆಯ ವಲಸೆಯ ಚರಿತ್ರೆಯಲ್ಲಿ ಪೋಲೆಂಡಿನವರ ಉದಾಹರಣೆ ಬಹುಚರ್ಚಿತವಾದುದು. ಥಾಮಸ್ ಮತ್ತು ಝ್ನಾನಿಯೆಟ್ಸ್ಕಿ ಅವರು 1918ರಿಂದ 1920ರ ಅವಧಿಯಲ್ಲಿ ಐದು ಸಂಪುಟಗಳಲ್ಲಿ ಹೊರತಂದ ಪೋಲಿಷ್ ರೈತನನ್ನು ಕುರಿತ ಅಧ್ಯಯನ ಬಹುಪಾಲು ಕುಟುಂಬಗಳ ನಡುವಣ ಪತ್ರಗಳನ್ನೇ ಆಧರಿಸಿದೆ. ಸಾಮಾನ್ಯರ ಪತ್ರಗಳು ಸಮಾಜಶಾಸ್ತ್ರದ ಆಕರಗಳಾಗಬಲ್ಲವೆಂದು ವಿದ್ವಲ್ಲೋಕಕ್ಕೆ ಮನಗಾಣಿಸಿದ ಕೃತಿ ಅದು. ಆದರೆ ಅಲ್ಲಿಯೂ ಹೆಸರಿನ ತೊಡಕು ತಪ್ಪಲಿಲ್ಲ. 1795ರಿಂದ 1918ರವರೆಗೆ ಪೋಲೆಂಡ್ ಎಂಬ ರಾಜ್ಯ ಭೂಪಟದಲ್ಲಿ ಇರಲಿಲ್ಲ; ರಷ್ಯ, ಆಸ್ಟ್ರಿಯ, ಪ್ರಷ್ಯಗಳು ಅದನ್ನು ಹಂಚಿಕೊಂಡಿದ್ದವು. ಆದಕಾರಣ ಅಲ್ಲಿಂದ ಬಂದವಳು ಕಾಗದಪತ್ರಗಳಲ್ಲಿ ಒಮ್ಮೆ ರಷ್ಯದವಳು, ಒಮ್ಮೆ ಆಸ್ಟ್ರಿಯದವಳು. 1910ರ ಅಮೆರಿಕದ ಜನಗಣತಿಯಲ್ಲಿ ಹೊರದೇಶದಲ್ಲಿ ಹುಟ್ಟಿದವರ ಮಾತೃಭಾಷೆಯನ್ನು ದಾಖಲಿಸುವ ಕ್ರಮ ಬಂದ ಮೇಲಷ್ಟೇ ಈ ಗೊಂದಲ ತುಸು ತಿಳಿಯಾಯಿತು.

ಅಂಜ್ಯಾ ಯೆಜಿಯೆರ್ಸ್ಕಾ ಎಂಬ ಲೇಖಕಿಯನ್ನು ನೋಡಬಹುದು. ವಾರ್ಸಾದ ಸಮೀಪದ ಪ್ವೋನ್ಸ್ಕ್ ಎಂಬ ಊರಿನಲ್ಲಿ, 1880ರ ಸುಮಾರಿಗೆ, ಬಡ ಯೆಹೂದಿ ಮನೆಯಲ್ಲಿ ಹುಟ್ಟಿದವಳು. ಬಾಲ್ಯದಲ್ಲಿಯೇ ತಂದೆತಾಯಿಯರೊಡನೆ ನ್ಯೂಯಾರ್ಕಿಗೆ ಬಂದವಳು. ಬಂದ ಮೇಲೆ ಆಕೆ ಹ್ಯಾಟಿ ಮೇಯರ್ ಆದಳು. ಮೂವತ್ತರ ಆಸುಪಾಸಿನಲ್ಲಿ ಈ ಅಮೆರಿಕನ್ ಹೆಸರನ್ನು ಕಳಚಿ ಹುಟ್ಟುಹೆಸರನ್ನು ಮರಳಿ ಪಡೆದಳು. ಆ ಹೆಸರಿನಲ್ಲಿಯೇ 1925ರಲ್ಲಿ 'ಬ್ರೆಡ್ ಗಿವರ್ಸ್' ಕಾದಂಬರಿ ಹೊರಬಂದಿತು. ಹಡಗು ಇಳಿದವರ ಹೆಸರನ್ನು ಎಲ್ಲಿಸ್ ದ್ವೀಪದ ಗುಮಾಸ್ತರು ತೋಚಿದಂತೆ ತಿದ್ದುತ್ತಿದ್ದರೆಂಬ ಕತೆ ಅಮೆರಿಕೆಯ ಮನೆಮನೆಯಲ್ಲಿಯೂ ಇದೆ. ಇತಿಹಾಸಕಾರರು ಇದನ್ನು ಒಪ್ಪುವುದಿಲ್ಲ. ಗುಮಾಸ್ತರ ಕೈಯಲ್ಲಿರುತ್ತಿದ್ದುದು ಹಡಗು ಹೊರಟ ಬಂದರಿನಲ್ಲಿಯೇ ಸಿದ್ಧವಾದ ಪಟ್ಟಿ. ಹೆಸರು ಬದಲಾಗುತ್ತಿದ್ದುದು ಬಹುತೇಕ ಆಮೇಲೆ, ಶಾಲೆಯಲ್ಲಿ, ಕಾರ್ಖಾನೆಯಲ್ಲಿ, ನ್ಯಾಯಾಲಯದಲ್ಲಿ. ಯೆಜಿಯೆರ್ಸ್ಕಾಳ ನುಡಿ ಯಿಡ್ಡಿಷ್, ಹುಟ್ಟಿದ ನೆಲ ಪೋಲೆಂಡ್, ಅಂದಿನ ಆಳ್ವಿಕೆ ರಷ್ಯದ್ದು. ಈಕೆಯನ್ನು ಪೋಲಿಷ್ ವಲಸೆಗಾರ್ತಿಯರ ಸಾಲಿಗೆ ಸೇರಿಸಬೇಕೆ ಎಂಬ ಪ್ರಶ್ನೆಗೆ ಉತ್ತರ ಸುಲಭವಲ್ಲ. ಇದೇ ಬಗೆಯ ಪ್ರಶ್ನೆ ನಮ್ಮ ಮುಂದೆಯೂ ಇದೆ.

ಶಾಂತಾ ರಾಮರಾವ್ ಎಂಬ ಹೆಸರನ್ನೇ ಬಿಡಿಸಿ ನೋಡೋಣ. ಇದರಲ್ಲಿ 'ರಾಮರಾವ್' ಎಂಬುದು ತಂದೆಯ ಹೆಸರು, ಮನೆತನದ ಹೆಸರಲ್ಲ. ತಂದೆ ಬೆನೆಗಲ್ ರಾಮರಾವ್. ಈ ಹೆಸರಿನ ಮುಂಭಾಗದಲ್ಲಿರುವ ಬೆನೆಗಲ್ ಎಂಬುದು ಇಂದಿನ ಉಡುಪಿ ಸೀಮೆಯ ಊರ ಹೆಸರು. ಪಡುಕೋಣೆ, ಕಾರ್ನಾಡ, ಕಲ್ಯಾಣಪುರ, ಬಸರೂರು ಮೊದಲಾದ ಊರ ಹೆಸರುಗಳೇ ಚಿತ್ರಾಪುರ ಸಾರಸ್ವತರಲ್ಲಿ ಅಡ್ಡಹೆಸರುಗಳಾಗಿ ಉಳಿದಿವೆ. ಹೈದರಾಬಾದಿನ ಓದುಗರಿಗೆ ಇದು ಅಪರಿಚಿತವಲ್ಲ. ತೆಲುಗರ 'ಇಂಟಿಪೇರು' ಹೆಸರಿನ ಮುಂದೆ ನಿಲ್ಲುವ ರೀತಿಯೂ ಇದೇ. ಇಂಗ್ಲಿಷರ ಕಚೇರಿಗಳಿಗಾದರೋ ಹೆಸರಿನ ಕೊನೆಯ ಪದವೇ ಮನೆತನದ ಹೆಸರಾಗಬೇಕು. ಆದ್ದರಿಂದ ರಾವ್ ಎಂಬ ಗೌರವವಾಚಕವೇ ಕುಲನಾಮದ ಸ್ಥಾನಕ್ಕೆ ಬಂದಿತು. ಅದನ್ನು ಈ ಸೋದರರಲ್ಲಿ ಕೆಲವರು ಕೊನೆಗೆ 'ಓ' ಅಕ್ಷರವಿಟ್ಟು ಬರೆದರೆ ಕೆಲವರು 'ಯು' ಅಕ್ಷರವಿಟ್ಟು ಬರೆದರು. ಮಗಳು ಅಮೆರಿಕೆಗೆ ಹೋದಾಗ ಬೆನೆಗಲ್ ಪೂರ್ತಿಯಾಗಿ ಬಿಟ್ಟುಹೋಯಿತು. ಅಲ್ಲಿನ ವಾಚಕರಿಗೆ 'ರಾಮ' ಎಂಬುದು ನಡುಹೆಸರಿನಂತೆ ಕಂಡರೆ ಆಶ್ಚರ್ಯವಿಲ್ಲ.

ಮಂಗಳೂರಿನ ವೈದ್ಯರಾದ ಬೆನೆಗಲ್ ರಾಘವೇಂದ್ರರಾಯರ ಮಕ್ಕಳ ಸಾಧನೆ ಸಾಕಷ್ಟು ಪ್ರಸಿದ್ಧವಾದುದು. ಇಲ್ಲಿ ಅದನ್ನು ವಿಸ್ತರಿಸಬೇಕಾಗಿಲ್ಲ. ನರಸಿಂಗರಾಯರು (1887–1953) ಸಂವಿಧಾನ ರಚನಾ ಸಭೆಗೆ ಸಾಂವಿಧಾನಿಕ ಸಲಹೆಗಾರರಾಗಿದ್ದು, ಆಮೇಲೆ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿ, ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿ ಕೆಲಸ ಮಾಡಿದರು. ರಾಮರಾಯರು (1889–1969) ದಕ್ಷಿಣ ಆಫ್ರಿಕ, ಜಪಾನ್ ಮತ್ತು ಅಮೆರಿಕಗಳಲ್ಲಿ ಭಾರತದ ಪ್ರತಿನಿಧಿಯಾಗಿದ್ದು 1949ರಿಂದ 1957ರವರೆಗೆ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದರು. ಶಿವರಾಯರು (1891–1975) ಪತ್ರಕರ್ತರು. 1952ರ ಮೊದಲ ಚುನಾವಣೆಯಲ್ಲಿ ದಕ್ಷಿಣ ಕನ್ನಡದಿಂದ ಲೋಕಸಭೆಗೆ ಆಯ್ಕೆಯಾದವರು. ಈ ಮನೆಯ ಗಂಡುಮಕ್ಕಳನ್ನು ಕುರಿತು ಇಷ್ಟು ಹೇಳಿದರೆ ಮಂಗಳೂರಿನಿಂದ ಹೇಗ್‌ವರೆಗೆ ಒಂದು ಗೆರೆ ಎಳೆದಂತಾಗುತ್ತದೆ. ಕುಟುಂಬದ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿಬಿಡುತ್ತಾರೆ.

ಊರ ಹೆಸರನ್ನು ಉಳಿಸಿಕೊಂಡವರ ವಿಷಯದಲ್ಲಿಯೂ ಎಚ್ಚರ ಬೇಕು. ಚಲನಚಿತ್ರ ನಿರ್ದೇಶಕ ಶ್ಯಾಮ್ ಬೆನೆಗಲ್ (1934–2024) ಹೈದರಾಬಾದಿನ ತಿರುಮಲಗಿರಿಯಲ್ಲಿ ಹುಟ್ಟಿದವರು. ತಂದೆ ಕರ್ನಾಟಕ ಮೂಲದ ಛಾಯಾಗ್ರಾಹಕರು. ಮಗ ಓದಿದ್ದು ಇಲ್ಲಿಯ ನಿಜಾಂ ಕಾಲೇಜಿನಲ್ಲಿ. 'ಅಂಕುರ್' (1974) ಚಿತ್ರದ ನೆಲವಾಗಲಿ, ಅದರ ಪಾತ್ರಗಳಾಡುವ ದಖನಿಯಾಗಲಿ ಈ ಪರಿಸರದವೇ. ಸಂವಿಧಾನ ರಚನೆಯನ್ನು ಕುರಿತು 2014ರಲ್ಲಿ ದೂರದರ್ಶನ ಸರಣಿಯೊಂದನ್ನು ನಿರ್ದೇಶಿಸಿದವರೂ ಇವರೇ. ಬೆನೆಗಲ್ ನರಸಿಂಗರಾಯರು ದುಡಿದ ಆ ಸಭೆಯ ಕತೆಯನ್ನು ಇನ್ನೊಬ್ಬ ಬೆನೆಗಲ್ ತೆರೆಗೆ ತಂದರೆಂಬ ಕಾರಣಕ್ಕೆ ಇವರಿಬ್ಬರನ್ನೂ ಒಂದೇ ಮನೆಯವರೆಂದು ಬರೆದುಬಿಡುವ ಆಸೆ ಯಾರಿಗಾದರೂ ಹುಟ್ಟೀತು. ಊರ ಹೆಸರು ಊರಿನದು. ಅದರಿಂದ ರಕ್ತಸಂಬಂಧ ಸಿದ್ಧವಾಗುವುದಿಲ್ಲ.

ಇದಕ್ಕೆ ತದ್ವಿರುದ್ಧವಾದ ನಿದರ್ಶನವೂ ಶ್ಯಾಮ್ ಬೆನೆಗಲ್ ಅವರ ಬಳಗದಲ್ಲಿಯೇ ದೊರೆಯುತ್ತದೆ. ನಟ, ನಿರ್ದೇಶಕ ಗುರುದತ್ (1925–1964) ಬೆಂಗಳೂರಿನಲ್ಲಿ ಹುಟ್ಟಿದವರು. ಹುಟ್ಟುಹೆಸರು ವಸಂತಕುಮಾರ, ಅಡ್ಡಹೆಸರು ಪಡುಕೋಣೆ. ಪಡುಕೋಣೆಗೂ ಬೆನೆಗಲ್ಲಿಗೂ ಹೆಸರಿನಲ್ಲಿ ಯಾವ ನಂಟೂ ಇಲ್ಲ. ಆದರೆ ಗುರುದತ್ ಅವರ ತಾಯಿಯ ತಾಯಿಯೂ ಶ್ಯಾಮ್ ಬೆನೆಗಲ್ ಅವರ ತಂದೆಯ ತಾಯಿಯೂ ಒಡಹುಟ್ಟಿದ ಅಕ್ಕತಂಗಿಯರು. ಗಂಡುಸಂತತಿಯನ್ನೇ ಹಿಡಿದು ವಂಶವೃಕ್ಷ ಬರೆಯುವವರಿಗೆ ಈ ಸಂಬಂಧ ಎಂದಿಗೂ ಕಾಣಿಸದು. ಹೆಸರು ಒಂದೇ ಆಗಿರುವಲ್ಲಿ ಸಂಬಂಧಕ್ಕೆ ಪುರಾವೆ ಬೇಕಾಗುತ್ತದೆ. ಸಂಬಂಧ ಖಚಿತವಾಗಿರುವಲ್ಲಿ ಹೆಸರು ಅದನ್ನು ಮರೆಮಾಚುತ್ತದೆ. ಹೀಗಾಗಿ ಇಂತಹ ಕುಟುಂಬಗಳನ್ನು ಅಜ್ಜಿಯರ ಮೂಲಕ ಹಿಂಬಾಲಿಸುವುದೇ ಹೆಚ್ಚು ಫಲಕಾರಿ ಎಂದು ನಮಗೆ ತೋರುತ್ತದೆ.

ಆ ಕ್ರಮದಲ್ಲಿ ಶಾಂತಾ ಅವರ ತಾಯಿಯ ಕಡೆಗೆ ತಿರುಗಿದರೆ ಚಿತ್ರವೇ ಬೇರೆಯಾಗುತ್ತದೆ. ತಾಯಿ ಧನ್ವಂತಿ (1893–1987) ಕಾಶ್ಮೀರಿ ಪಂಡಿತರ ಹಂಡೂ ಮನೆತನದವರು. ಹುಟ್ಟಿದ್ದು, ಬೆಳೆದದ್ದು ಹುಬ್ಬಳ್ಳಿಯಲ್ಲಿ. ಆಗಿನ ಹುಬ್ಬಳ್ಳಿ ಮುಂಬಯಿ ಪ್ರಾಂತದ ರೈಲ್ವೆ ಊರು. ರೈಲ್ವೆ ಕಾರ್ಯಾಗಾರ ಬಂದ ಮೇಲೆ ನಾನಾ ಸೀಮೆಯ ಜನ ಬಂದು ನೆಲೆಸಿದ ಊರದು. ಅಲ್ಲಿಂದ ಧನ್ವಂತಿ ಮದರಾಸಿಗೆ ಹೋಗಿ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದರು. ಬಳಿಕ ಕ್ವೀನ್ ಮೇರಿಸ್ ಕಾಲೇಜಿನಲ್ಲಿ ಅಧ್ಯಾಪಕಿಯಾದರು. 1914ರಲ್ಲಿ ಆರಂಭವಾದ ಆ ಕಾಲೇಜು ದಕ್ಷಿಣದ ಹೆಣ್ಣುಮಕ್ಕಳ ಉನ್ನತ ಶಿಕ್ಷಣದ ಮೊದಮೊದಲ ನೆಲೆಗಳಲ್ಲೊಂದು. ಕಾಶ್ಮೀರಿ ಮನೆಯ ಹೆಣ್ಣನ್ನು ಕೊಂಕಣಿ ಮನೆಯ ಗಂಡು ಮದುವೆಯಾಗುವುದು ಅಂದಿನ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಎರಡೂ ಕಡೆಯವರು ಬ್ರಾಹ್ಮಣರೇ ಆದರೂ ನುಡಿ, ಊಟ, ಆಚಾರ, ಎಲ್ಲವೂ ಬೇರೆ. ಇಲ್ಲಿ ವಿಚಿತ್ರವಾದ ಒಂದು ಸಮಾಂತರವನ್ನು ಗಮನಿಸಬಹುದು: ಕಾಶ್ಮೀರದ ಮನೆತನವೊಂದು ಕನ್ನಡ ನಾಡಿಗೆ ಬಂದು ನೆಲೆಸಿತು, ಆ ಮನೆಯ ಅಳಿಯನ ಅಣ್ಣ ನರಸಿಂಗರಾಯರು 1944–45ರಲ್ಲಿ ಜಮ್ಮು ಮತ್ತು ಕಾಶ್ಮೀರ ಸಂಸ್ಥಾನದ ಪ್ರಧಾನಮಂತ್ರಿಯಾಗಿ ಅಲ್ಲಿಗೆ ಹೋದರು.

ಧನ್ವಂತಿ ರಾಮರಾವ್ ಅವರ ಸಾರ್ವಜನಿಕ ಜೀವನವೂ ದೊಡ್ಡದು. 1946ರಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. 1949ರಲ್ಲಿ ಭಾರತ ಕುಟುಂಬ ಯೋಜನಾ ಸಂಘವನ್ನು ಕಟ್ಟಿದರು. 1952ರಲ್ಲಿ ಮುಂಬಯಿಯಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದ ಹಿಂದೆ ಅಮೆರಿಕೆಯ ಮಾರ್ಗರೆಟ್ ಸ್ಯಾಂಗರ್ ಅವರೊಡನೆ ಇವರ ಶ್ರಮವಿತ್ತು. 1977ರಲ್ಲಿ 'ಆನ್ ಇನ್ಹೆರಿಟೆನ್ಸ್' ಎಂಬ ಆತ್ಮಕಥೆಯನ್ನು ಹೊರತಂದರು. ಹುಬ್ಬಳ್ಳಿಯಲ್ಲಿ ಬೆಳೆದ ಹುಡುಗಿಯೊಬ್ಬಳು ಎಂಬತ್ತು ದಾಟಿದ ಮೇಲೆ ಬರೆದ ಈ ಪುಸ್ತಕ ಕರ್ನಾಟಕದ ಸ್ತ್ರೀಚರಿತ್ರೆಯ ಆಕರವೆಂದು ಪರಿಗಣಿತವಾಗಬೇಕಾದುದು. ಯೆಜಿಯೆರ್ಸ್ಕಾಳ ಚರಿತ್ರೆಯನ್ನು ಅವಳ ಮಗಳು 1988ರಲ್ಲಿ ಬರೆದಳು. ಇಲ್ಲಿ ತಾಯಿಯೂ ಮಗಳೂ ತಮ್ಮ ತಮ್ಮ ಚರಿತ್ರೆಯನ್ನು ತಾವೇ ಬರೆದುಕೊಂಡಿದ್ದಾರೆ. ಪೋಲಿಷ್ ಕುಟುಂಬಗಳಿಗೆ ಪತ್ರಗಳು ಒದಗಿಸಿದ ನೆರವನ್ನು ನಮಗೆ ಈ ಇಂಗ್ಲಿಷ್ ಆತ್ಮಕಥನಗಳು ಒದಗಿಸುತ್ತವೆ. ಆದರೆ ಪತ್ರಗಳಲ್ಲಿ ಮನೆಮಾತು ಉಳಿಯುತ್ತದೆ. ಆತ್ಮಕಥನಗಳಲ್ಲಿ ಅದು ಅನುವಾದಗೊಂಡು ಬರುತ್ತದೆ.

ಕ್ವೀನ್ ಮೇರಿಸ್ ಕಾಲೇಜಿನ ಹೆಸರು ಬಂದಾಗ ಹೈದರಾಬಾದಿಗೆ ನೇರವಾಗಿ ಸಂಬಂಧಿಸಿದ ಇನ್ನೊಬ್ಬ ಸ್ತ್ರೀಯನ್ನು ನೆನೆಯಲೇಬೇಕು. ಮಂಗಳೂರಿನಲ್ಲಿ 1903ರಲ್ಲಿ ಧಾರೇಶ್ವರ ಮನೆತನದಲ್ಲಿ ಹುಟ್ಟಿದ ಕಮಲಾದೇವಿ, ಬಾಲ್ಯದಲ್ಲಿಯೇ ಮದುವೆಯಾಗಿ ಬಾಲ್ಯದಲ್ಲಿಯೇ ವಿಧವೆಯಾದವರು. ಮದರಾಸಿನ ಈ ಕಾಲೇಜಿನಲ್ಲಿ ಓದುತ್ತಿದ್ದಾಗ ಹೈದರಾಬಾದಿನ ಚಟ್ಟೋಪಾಧ್ಯಾಯ ಮನೆಯ ಸುಹಾಸಿನಿಯ ಸ್ನೇಹವಾಯಿತು. ಆಕೆಯ ಅಣ್ಣ ಹರೀಂದ್ರನಾಥರೊಡನೆ ಮದುವೆಯಾಯಿತು. ನಿಜಾಂ ಕಾಲೇಜಿನ ಮೂಲಪುರುಷರಲ್ಲೊಬ್ಬರಾದ ಅಘೋರನಾಥರಿಗೆ ಸೊಸೆಯಾಗಿ, ಸರೋಜಿನಿ ನಾಯ್ಡು ಅವರಿಗೆ ತಮ್ಮನ ಹೆಂಡತಿಯಾಗಿ ಮಂಗಳೂರಿನ ಸಾರಸ್ವತ ಹುಡುಗಿ ಹೈದರಾಬಾದಿನ ಬಂಗಾಳಿ ಕುಟುಂಬಕ್ಕೆ ಸೇರಿದರು. ನಾಂಪಲ್ಲಿಯಲ್ಲಿರುವ ಸರೋಜಿನಿಯವರ ಮನೆ 'ಗೋಲ್ಡನ್ ಥ್ರೆಶೋಲ್ಡ್'. 1974ರಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯ ಆರಂಭವಾದದ್ದು ಆ ಮನೆಯಲ್ಲಿಯೇ.

ಕಮಲಾದೇವಿ ಚಟ್ಟೋಪಾಧ್ಯಾಯ ಎಂಬ ಹೆಸರನ್ನು ಓದಿದ ಯಾರೂ ಮೊದಲ ನೋಟಕ್ಕೆ ಅವರನ್ನು ಮಂಗಳೂರಿನವರೆಂದು ಊಹಿಸಲಾರರು. ಕನ್ನಡದ ಮೊದಮೊದಲ ಮೂಕಿಚಿತ್ರಗಳಲ್ಲೊಂದಾದ 'ವಸಂತಸೇನಾ'ದಲ್ಲಿ (1931) ಅವರು ನಟಿಸಿದ್ದರೆಂಬ ಸಂಗತಿಯನ್ನು ನಮ್ಮ ಚಲನಚಿತ್ರ ಚರಿತ್ರಕಾರರು ಬಲ್ಲರು; ಆದರೆ ಹೊರನಾಡ ಕನ್ನಡಿಗರ ಪಟ್ಟಿಗಳಲ್ಲಿ ಅವರ ಹೆಸರನ್ನು ಕಾಣುವುದು ಅಪರೂಪ. 1941ರಲ್ಲಿ ಅಮೆರಿಕೆಯ ಲೂಸಿಯಾನ ಪ್ರಾಂತದಲ್ಲಿ ರೈಲುಪ್ರಯಾಣ ಮಾಡುತ್ತಿದ್ದಾಗ ಬಿಳಿಯರಿಗೆಂದು ಮೀಸಲಾದ ಗಾಡಿಯಿಂದ ಏಳುವಂತೆ ಟಿಕೆಟ್ ಅಧಿಕಾರಿ ಅವರನ್ನು ಒತ್ತಾಯಿಸಿದ. ಎಲ್ಲಿಯವರೆಂದು ತಿಳಿದ ಮೇಲೆ ಅವನ ಧೋರಣೆ ಸಡಿಲವಾಗತೊಡಗಿತು. ಕಮಲಾದೇವಿಯವರಾದರೋ ಆ ರಿಯಾಯಿತಿಯನ್ನು ಬಯಸಲಿಲ್ಲ. ತಾನೂ ಬಣ್ಣದ ಹೆಂಗಸೇ, ಎದ್ದುಹೋಗುವ ಉದ್ದೇಶ ತನಗಿಲ್ಲ ಎಂದು ಕುಳಿತೇ ಇದ್ದರು. ಪರದೇಶದಲ್ಲಿ ತನ್ನನ್ನು ಯಾವ ಹೆಸರಿನಿಂದ, ಯಾವ ಗುಂಪಿನಿಂದ ಗುರುತಿಸಬೇಕೆಂಬುದನ್ನು ತಾನೇ ನಿರ್ಧರಿಸಿದ ಪ್ರಸಂಗವಾಗಿ ಇದು ಮಹತ್ತ್ವದ್ದು.

ಎದುರು ದಿಕ್ಕಿನ ವಲಸೆಯೂ ಈ ಬಳಗದಲ್ಲಿ ಉಂಟು. ಶಿವರಾಯರ ಪತ್ನಿ ಕಿಟ್ಟಿ ವಿಯೆನ್ನಾದವರು. ಥಿಯಾಸಾಫಿಯ ಒಲವಿನಿಂದ, ಮಾಂಟೆಸೊರಿ ಶಿಕ್ಷಣದ ತರಬೇತಿಯೊಡನೆ ಭಾರತಕ್ಕೆ ಬಂದವರು. ಸ್ವಾತಂತ್ರ್ಯಾನಂತರ ದಿಲ್ಲಿಯಲ್ಲಿ ಕರಕುಶಲ ಕಲೆಗಳ ಪುನರುಜ್ಜೀವನಕ್ಕಾಗಿ ಕಮಲಾದೇವಿಯವರೊಡನೆ ದುಡಿದರು. ಕಾಶ್ಮೀರದಿಂದ ಹುಬ್ಬಳ್ಳಿಗೆ ಬಂದವರ ಮಗಳೂ ವಿಯೆನ್ನಾದಿಂದ ಬಂದವಳೂ ಒಂದೇ ಬೆನೆಗಲ್ ಮನೆಗೆ ಸೊಸೆಯಂದಿರಾದರು.

ಇನ್ನು ಶಾಂತಾ ಅವರ ವಿಷಯ. ಮದರಾಸಿನಲ್ಲಿ 1923ರಲ್ಲಿ ಹುಟ್ಟಿ, ತಂದೆಯ ಉದ್ಯೋಗದ ನಿಮಿತ್ತ ಬಾಲ್ಯದ ಬಹುಭಾಗವನ್ನು ಇಂಗ್ಲೆಂಡಿನಲ್ಲಿ ಕಳೆದು, 1939ರಲ್ಲಿ ಭಾರತಕ್ಕೆ ಮರಳಿದಾಗ ಆಕೆಗೆ ಹದಿನಾರು ವರ್ಷ. ಅಜ್ಜಿಯ ತುಂಬುಕುಟುಂಬದಲ್ಲಿ ಕಾಲಿಟ್ಟ ಹುಡುಗಿಗೆ ಸ್ವಂತ ಮನೆಯೇ ಪರದೇಶದಂತೆ ಕಂಡ ಬಗೆಯನ್ನು 1945ರಲ್ಲಿ ಪ್ರಕಟವಾದ 'ಹೋಮ್ ಟು ಇಂಡಿಯ' ಚಿತ್ರಿಸುತ್ತದೆ. ಅದನ್ನು ಬರೆಯುವ ಹೊತ್ತಿಗೆ ಆಕೆ ಮ್ಯಾಸಚೂಸೆಟ್ಸಿನ ವೆಲ್ಲೆಸ್ಲಿ ಕಾಲೇಜಿನ ವಿದ್ಯಾರ್ಥಿನಿ. 1947ರಲ್ಲಿ ತಂದೆಯೊಡನೆ ಟೋಕಿಯೊಕ್ಕೆ ಹೋದರು; ಅಲ್ಲಿ ಕಬುಕಿ ರಂಗಭೂಮಿಯನ್ನು ಯುದ್ಧಾನಂತರದ ನಿಷೇಧದಿಂದ ಪಾರುಮಾಡಿದನೆಂದು ಹೆಸರಾದ ಅಮೆರಿಕನ್ ಅಧಿಕಾರಿ ಫೋಬಿಯನ್ ಬವರ್ಸ್ ಪರಿಚಯವಾದರು. 1950ರ ದಶಕದ ಆರಂಭದಲ್ಲಿ ಅವರಿಬ್ಬರ ವಿವಾಹವಾಯಿತು. ಆಮೇಲೆ ನ್ಯೂಯಾರ್ಕ್ ಅವರ ನೆಲೆ. ಗಮನಿಸಬೇಕಾದ ಸಂಗತಿಯೆಂದರೆ ಅವರು ಬರೆಹಗಾರ್ತಿಯಾಗಿ ಗಂಡನ ಹೆಸರನ್ನು ಎಂದೂ ಸೇರಿಸಿಕೊಳ್ಳಲಿಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿಯೂ 1962ರಲ್ಲಿ ಬ್ರಾಡ್ವ್ಯೇಯಲ್ಲಿಯೂ ಪ್ರದರ್ಶಿತವಾದ 'ಎ ಪ್ಯಾಸೇಜ್ ಟು ಇಂಡಿಯ' ನಾಟಕರೂಪ ಅವರಿಗೆ ದೊಡ್ಡ ಕೀರ್ತಿಯನ್ನು ತಂದಿತು. ಆಗಲೂ ಅವರು ಶಾಂತಾ ರಾಮರಾವ್ ಆಗಿಯೇ ಉಳಿದಿದ್ದರು.

ಅವರು ಅಮೆರಿಕೆಗೆ ಕಾಲಿಟ್ಟಾಗಿನ ಕಾನೂನನ್ನು ಇಲ್ಲಿ ನೆನೆಯುವುದು ಅವಶ್ಯ. 1917ರ ಶಾಸನ ಭಾರತವೂ ಸೇರಿದಂತೆ ಏಷ್ಯದ ಬಹುಭಾಗದವರ ವಲಸೆಯನ್ನು ತಡೆದಿತ್ತು. ವಿದ್ಯಾರ್ಥಿಗಳು, ಅಧಿಕಾರಿಗಳು ಮೊದಲಾದ ಕೆಲವು ವರ್ಗದವರಿಗೆ ವಿನಾಯಿತಿ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. 1924ರ ಶಾಸನ ಪೋಲೆಂಡಿನವರ ಪ್ರವೇಶವನ್ನು ವರ್ಷಕ್ಕೆ 5,982ಕ್ಕೆ ಇಳಿಸಿದಾಗ ಪೋಲಿಷ್ ಸಮುದಾಯ ಅದನ್ನು ಅವಮಾನವೆಂದು ಭಾವಿಸಿತು. 1946ರ ಲೂಸ್–ಸೆಲ್ಲರ್ ಶಾಸನ ಭಾರತೀಯರಿಗೆ ಬಾಗಿಲು ತೆರೆದಾಗ ನಿಗದಿಯಾದ ಸಂಖ್ಯೆ ವರ್ಷಕ್ಕೆ 100. ಇಡೀ ಭಾರತಕ್ಕೆ ನೂರು. ಪೋಲಿಷ್ ವಲಸೆಗಾರ್ತಿಯ ಹಿಂದೆ ಒಂದು ಹಳ್ಳಿಯೇ ಬಂದು ಶಿಕಾಗೊದ ಒಂದು ಕೇರಿಯಲ್ಲಿ ನೆಲೆಸುತ್ತಿತ್ತು. ಅಲ್ಲಿ ಆಕೆಗೆ ಚರ್ಚು, ಪತ್ರಿಕೆ, ಮಾತಾಡುವ ನೆರೆಯವರು ಇರುತ್ತಿದ್ದರು. ಶಾಂತಾ ಅವರ ತಲೆಮಾರಿನ ಭಾರತೀಯ ಸ್ತ್ರೀ ಒಂಟಿಯಾಗಿ ಹೋದವಳು. ಊರಿನ ಹೆಸರನ್ನು ಜ್ಞಾಪಿಸುವ ಸಮುದಾಯ ಅವಳ ಸುತ್ತ ಇರಲಿಲ್ಲ. ಮನೆತನದ ಹೆಸರು ಅಷ್ಟು ಬೇಗ ಅಳಿದುದಕ್ಕೆ ಇದೂ ಒಂದು ಕಾರಣವಾಗಿರಬೇಕು.

ಹೆಸರಿನ ಪ್ರಶ್ನೆ ಅವರನ್ನು ಕಾಡಿತ್ತೆಂಬುದಕ್ಕೆ 1951ರಲ್ಲಿ 'ನ್ಯೂಯಾರ್ಕರ್' ಪತ್ರಿಕೆಯಲ್ಲಿ ಪ್ರಕಟವಾದ 'ಬೈ ಎನಿ ಅದರ್ ನೇಮ್' ಎಂಬ ಬರೆಹವೇ ಸಾಕ್ಷಿ. ಐದೂವರೆ ವರ್ಷದ ಶಾಂತಾ, ಎಂಟು ವರ್ಷದ ಅಕ್ಕ ಪ್ರೇಮಿಳಾ ಆಂಗ್ಲೋ–ಇಂಡಿಯನ್ ಶಾಲೆಯೊಂದಕ್ಕೆ ಸೇರುತ್ತಾರೆ. ಇಂಗ್ಲಿಷ್ ಮುಖ್ಯೋಪಾಧ್ಯಾಯಿನಿಗೆ ಈ ಹೆಸರುಗಳನ್ನು ಉಚ್ಚರಿಸುವ ತಾಳ್ಮೆಯಿಲ್ಲ. ಪ್ರೇಮಿಳಾಳನ್ನು ಪಮೇಲ ಎಂದೂ ಶಾಂತಾಳನ್ನು ಸಿಂಥಿಯ ಎಂದೂ ಹೆಸರಿಸಿಬಿಡುತ್ತಾಳೆ. ಕೆಲವು ದಿನಗಳಲ್ಲಿ ಪರೀಕ್ಷೆಯೊಂದು ಬರುತ್ತದೆ. ಭಾರತೀಯ ಮಕ್ಕಳು ನಕಲು ಮಾಡುತ್ತಾರೆಂದು ಅಧ್ಯಾಪಕಿ ಅವರನ್ನು ದೂರದೂರ ಕೂರಿಸುತ್ತಾಳೆ. ಪ್ರೇಮಿಳಾ ಎದ್ದು ತಂಗಿಯನ್ನು ಕರೆದುಕೊಂಡು ಮನೆಗೆ ಬಂದುಬಿಡುತ್ತಾಳೆ. ಅಕ್ಕನಿಗಾದ ಅವಮಾನ ತಂಗಿಗೂ ಅರ್ಥವಾಗುತ್ತದೆ. ಆದರೆ ಅದೆಲ್ಲ ಸಿಂಥಿಯ ಎಂಬ ಬೇರೊಬ್ಬಳಿಗೆ ನಡೆದ ಸಂಗತಿಯೆಂಬಂತೆ ಅವಳಿಗೆ ತೋರುತ್ತದೆ. ಅಮೆರಿಕೆಯ ಶಾಲಾ ಪಠ್ಯಗಳಲ್ಲಿ ಈ ಬರೆಹ ಬಹುಕಾಲದಿಂದ ಸೇರಿದೆ. ಸಿಂಥಿಯ ಎಂಬ ಹೆಸರನ್ನು ಹೊರಿಸಿದವರನ್ನು ಕುರಿತು ಬರೆದ ಲೇಖಕಿಯ ಹೆಸರಿನಲ್ಲಿ ಬೆನೆಗಲ್ ಎಂಬ ಊರು ಯಾರೂ ಒತ್ತಾಯಿಸದೆಯೇ ಇಲ್ಲವಾಗಿತ್ತೆಂಬುದನ್ನು ಆ ಮಕ್ಕಳು ಹೇಗೆ ಬಲ್ಲರು?

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಮನೆಮಾತು ಕೊಂಕಣಿ, ತಾಯಿ ಕಾಶ್ಮೀರಿ, ಬರೆದದ್ದು ಇಂಗ್ಲಿಷ್. ಈಕೆಗೂ ಕನ್ನಡ ಅಧ್ಯಯನಕ್ಕೂ ಏನು ಸಂಬಂಧ? ಜನಗಣತಿಯ ಮಾತೃಭಾಷೆಯ ಅಂಕಣವನ್ನೇ ಕನ್ನಡತನದ ಅಳತೆಗೋಲಾಗಿ ಹಿಡಿದರೆ ಈ ಆಕ್ಷೇಪಕ್ಕೆ ಉತ್ತರವಿಲ್ಲ. ಆದರೆ ಆ ಅಳತೆಗೋಲನ್ನು ಗಂಡಸರಿಗೆ ನಾವು ಎಂದೂ ಹಿಡಿದಿಲ್ಲ. ಪಂಜೆ ಮಂಗೇಶರಾಯರ ಮನೆಮಾತು ಕೊಂಕಣಿ. ಮಂಗಳೂರಿನ ಸಾರಸ್ವತರಾದ ಅವರು 1934ರಲ್ಲಿ ನಿಜಾಮರ ಸೀಮೆಯ ರಾಯಚೂರಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. ಮಂಗಳೂರಿನಿಂದ ಹೈದರಾಬಾದಿಗೆ ಬಂದ ಪಂಡಿತ ತಾರಾನಾಥರು 1920ರಲ್ಲಿ ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ಸ್ಥಾಪಿಸಿದರು. ಮಂಜೇಶ್ವರದ ಗೋವಿಂದ ಪೈಗಳ ಮಾತನ್ನಂತೂ ಹೇಳಬೇಕಾಗಿಯೇ ಇಲ್ಲ. ಇವರೆಲ್ಲ ಕನ್ನಡದಲ್ಲಿ ಬರೆದರು, ಕೆಲಸಮಾಡಿದರು, ಆದ್ದರಿಂದ ನಮ್ಮವರು ಎನ್ನಬಹುದು; ಸರಿಯೇ. ಹಾಗಾದರೆ ಒಂದೇ ಒಂದು ಕನ್ನಡ ಗ್ರಂಥವನ್ನೂ ಬರೆಯದ ನರಸಿಂಗರಾಯರನ್ನು ಕನ್ನಡ ನಾಡಿನ ಹಿರಿಮೆಯೆಂದು ಸ್ಮರಿಸುವಾಗ ಆ ನಿಯಮ ಎಲ್ಲಿ ಹೋಗುತ್ತದೆ? ಅಣ್ಣತಮ್ಮಂದಿರಿಗೆ ಊರನ್ನು ಕೊಟ್ಟು ಸೊಸೆಯಂದಿರಿಗೆ, ಮೊಮ್ಮಗಳಿಗೆ ನುಡಿಯ ಪರೀಕ್ಷೆ ಇಡುವುದು ನ್ಯಾಯವಲ್ಲ.

ಇನ್ನೊಂದು ಅಂಶವನ್ನೂ ಮರೆಯಬಾರದು. ಇವರು ಹೊರಟ ಕಾಲದಲ್ಲಿ ಕರ್ನಾಟಕವೆಂಬ ಏಕೀಕೃತ ರಾಜ್ಯವೇ ಇರಲಿಲ್ಲ. ಮಂಗಳೂರು ಮದರಾಸು ಪ್ರಾಂತದಲ್ಲಿ, ಹುಬ್ಬಳ್ಳಿ ಮುಂಬಯಿ ಪ್ರಾಂತದಲ್ಲಿ, ರಾಯಚೂರು ನಿಜಾಮರ ಆಳ್ವಿಕೆಯಲ್ಲಿ ಇದ್ದವು. ಶಾಂತಾ ಅವರ ತಂದೆಯೂ ತಾಯಿಯೂ ಹುಟ್ಟಿದ ಊರುಗಳು ಒಂದೇ ರಾಜ್ಯಕ್ಕೆ ಸೇರಿದ್ದು 1956ರ ನವೆಂಬರಿನಲ್ಲಿ. ಮಗಳು ಆ ವೇಳೆಗೆ ಅಮೆರಿಕೆಯಲ್ಲಿ ಸಂಸಾರ ಹೂಡಿ ವರ್ಷಗಳಾಗಿದ್ದವು. ಪೋಲೆಂಡ್ ಇಲ್ಲದಿದ್ದಾಗ ಪೋಲೆಂಡನ್ನು ಬಿಟ್ಟವರಂತೆ ಇವರೂ ಕರ್ನಾಟಕ ಇಲ್ಲದಿದ್ದಾಗ ಕರ್ನಾಟಕವನ್ನು ಬಿಟ್ಟವರು. ಹೊರನಾಡು ಎಂಬ ಪರಿಕಲ್ಪನೆಯನ್ನು 1956ಕ್ಕೆ ಹಿಂದಿನ ವಲಸೆಗಳಿಗೆ ಅನ್ವಯಿಸುವಾಗ ಈ ಕಾಲದ ಅಂತರವನ್ನು ಸಂಶೋಧಕರು ಸದಾ ಮನಸ್ಸಿನಲ್ಲಿಟ್ಟುಕೊಳ್ಳಬೇಕಾಗುತ್ತದೆ.

ರಾಜ್ಯದ ಹೊರಗೆ ಕೆಲಸಮಾಡುವ ಸಂಶೋಧಕರ ಉಪಯೋಗಕ್ಕಾಗಿ ಕೊನೆಯಲ್ಲಿ ಒಂದೆರಡು ಪ್ರಾಯೋಗಿಕ ಸೂಚನೆಗಳು. ಆಕರಗಳ ಮಟ್ಟಿಗೆ ಫ್ರಾಂಕ್ ಕಾನ್ಲನ್ ಅವರು ಚಿತ್ರಾಪುರ ಸಾರಸ್ವತರನ್ನು ಕುರಿತು 1977ರಲ್ಲಿ ಪ್ರಕಟಿಸಿದ ಗ್ರಂಥ ಈ ಸಮುದಾಯದ ಸ್ಥಳಾಂತರಗಳಿಗೆ ಇಂದಿಗೂ ಒಳ್ಳೆಯ ಮಾರ್ಗದರ್ಶಿ. ಧನ್ವಂತಿಯವರ ಆತ್ಮಕಥೆ ಹೊರಬಂದ ವರ್ಷವೂ ಅದೇ. ಎರಡನ್ನೂ ಎದುರುಬದುರಾಗಿಟ್ಟು ಓದಿದರೆ ಸಮುದಾಯದ ಚರಿತ್ರೆ ಎಲ್ಲಿ ಮನೆಯ ಹೊಸ್ತಿಲಲ್ಲಿ ನಿಂತುಬಿಡುತ್ತದೆಂಬುದು ಗೊತ್ತಾಗುತ್ತದೆ. ಗ್ರಂಥಸೂಚಿಗಳನ್ನು ಹುಡುಕುವಾಗ ಶಾಂತಾ ರಾಮರಾವ್ ಅವರನ್ನು ಹೈದರಾಬಾದಿನ ಶಾಂತಾ ರಾಮೇಶ್ವರ ರಾವ್ ಅವರೊಡನೆ ಬೆರೆಸದಂತೆ ಎಚ್ಚರವಹಿಸಬೇಕು. ಎರಡನೆಯವರು ವನಪರ್ತಿಯ ರಾಜಾ ರಾಮೇಶ್ವರ ರಾವ್ ಅವರ ಪತ್ನಿ, ವಿದ್ಯಾರಣ್ಯ ಶಾಲೆಯ ಸ್ಥಾಪಕಿ. ಅವರೂ ಇಂಗ್ಲಿಷಿನಲ್ಲಿ ಬರೆದವರೇ. ಇಬ್ಬರ ಹೆಸರೂ ಇಂಗ್ಲಿಷ್ ಲಿಪಿಯಲ್ಲಿ ಬಹುಮಟ್ಟಿಗೆ ಒಂದೇ ತೆರನಾಗಿ ಕಾಣುತ್ತದೆ. ಹೊರನಾಡ ಕನ್ನಡಿಗರ ಸೂಚಿಯನ್ನು ಸಿದ್ಧಪಡಿಸುವವರು ಶಾಂತಾ ಅವರ ನಮೂದನ್ನು 'ರಾಮರಾವ್' ಎಂಬ ತಲೆಬರೆಹದ ಕೆಳಗೆ ಕೊಟ್ಟು ಅಷ್ಟಕ್ಕೆ ಬಿಡದೆ, 'ಬೆನೆಗಲ್', 'ಹಂಡೂ', 'ಮಂಗಳೂರು', 'ಹುಬ್ಬಳ್ಳಿ' ಎಂಬಲ್ಲಿಯೂ ಅಡ್ಡಸೂಚನೆಗಳನ್ನು ಕೊಡುವುದು ಒಳ್ಳೆಯದು. ಕಮಲಾದೇವಿಯವರಿಗೆ 'ಧಾರೇಶ್ವರ' ಎಂಬಲ್ಲಿ, ಗುರುದತ್ ಅವರಿಗೆ 'ಪಡುಕೋಣೆ' ಎಂಬಲ್ಲಿ ಇಂತಹುದೇ ನಮೂದು ಬೇಕು.